ಕೈಯಲ್ಲೇ ಕ್ಯಾಮೆರಾ, ಕಣ್ಣೆದುರು ರಾಜಹಂಸ
ರಜೆಯ ದಿನದ ಹವ್ಯಾಸಿಯೊಬ್ಬನ ಅನುಭವಗಳು

ಮುಂಬಯಿಯಲ್ಲಿ ಗುಮಾಸ್ತನಾಗಿಯೋ ಹೋಟೆಲಿನ ನೌಕರನಾಗಿಯೋ ದಿನ ಕಳೆಯುವ ನಮ್ಮಂಥವರಿಗೆ ಹಕ್ಕಿಗಳ ಛಾಯಾಚಿತ್ರ ತೆಗೆಯುವ ಹವ್ಯಾಸವೇಕೆ ಎಂದು ಕೇಳುವವರುಂಟು. ಹತ್ತಡಿ ಕೋಣೆಯಲ್ಲಿ ನಾಲ್ವರು ಮಲಗುವವರಿಗೆ, ತಿಂಗಳ ಮೊದಲ ವಾರದಲ್ಲಿ ಊರಿಗೆ ಹಣ ಕಳುಹಿಸಿ ಉಳಿದುದರಲ್ಲಿ ಜೀವಿಸುವವರಿಗೆ, ಇದು ಶ್ರೀಮಂತರ ಚಟವೆಂದು ತೋರುವುದು ಸಹಜವೇ. ನಾನೂ ಒಂದು ಕಾಲಕ್ಕೆ ಹಾಗೆಯೇ ಭಾವಿಸಿದ್ದೆ. ಅನಂತರ ಆ ಚಟಕ್ಕೆ ಬಿದ್ದೆ, ಕೈ ಸುಟ್ಟುಕೊಂಡೆ, ಮತ್ತೆ ಎದ್ದೆ. ಹಾಗೆ ಸುಟ್ಟುಕೊಂಡುದರಿಂದ ಕಲಿತ ನಾಲ್ಕು ಮಾತುಗಳು ಇತರರಿಗೂ ಪ್ರಯೋಜನವಾಗಬಹುದೆಂಬ ನಂಬಿಕೆಯಿಂದ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಆರಂಭ

2016ರ ಡಿಸೆಂಬರಿನಲ್ಲಿ ಕಚೇರಿಯ ಗೆಳೆಯರೊಬ್ಬರು ನನ್ನನ್ನು ಶಿವಡಿಯ ಜೆಟ್ಟಿಗೆ ಕರೆದೊಯ್ದರು. ಹಾರ್ಬರ್ ಮಾರ್ಗದ ಗಾಡಿಯಲ್ಲಿ ನಿತ್ಯವೂ ಆ ನಿಲ್ದಾಣವನ್ನು ದಾಟಿ ಹೋಗುತ್ತಿದ್ದ ನನಗೆ, ಅದರ ಪೂರ್ವಕ್ಕೆ, ಗೋದಾಮುಗಳನ್ನೂ ಹಳೆಯ ಹಡಗುಗಳ ಎಲುಬುಗಳನ್ನೂ ದಾಟಿದರೆ, ಇಂಥದೊಂದು ದೃಶ್ಯ ಕಾದಿರುವುದೆಂಬ ಕಲ್ಪನೆಯೇ ಇರಲಿಲ್ಲ. ಕೆಸರು ಬಯಲಿನ ಮೇಲೆ ನಸುಗೆಂಪು ಬಣ್ಣದ ಗೆರೆಯೊಂದು ಎಳೆದಂತಿತ್ತು. ಆ ಗೆರೆ ಮೆಲ್ಲನೆ ಚಲಿಸುತ್ತಿತ್ತು. ಅವು ರಾಜಹಂಸಗಳು. ಚಳಿಗಾಲದ ಆರಂಭದಲ್ಲಿ ಬಂದು ಮಳೆಗಾಲದ ಮೊದಲು ಹಿಂದಿರುಗುವ ಈ ಅತಿಥಿಗಳಲ್ಲಿ ಎರಡು ಜಾತಿಗಳುಂಟು. ದೊಡ್ಡ ರಾಜಹಂಸ ನೆಟ್ಟಗೆ ನಿಂತರೆ ಸುಮಾರು ನಾಲ್ಕೂವರೆ ಅಡಿ. ಸಣ್ಣ ರಾಜಹಂಸದ ಮೈ ಹೆಚ್ಚು ಕೆಂಪು, ಕೊಕ್ಕು ಕಪ್ಪು ಬೆರೆತ ಕಡುಗೆಂಪು.

ಆ ದಿನ ನನ್ನ ಕೈಯಲ್ಲಿದ್ದುದು ಸಾಮಾನ್ಯ ಫೋನು ಮಾತ್ರ. ಮನೆಗೆ ಬಂದು ನೋಡಿದಾಗ ಚಿತ್ರದಲ್ಲಿ ಹಕ್ಕಿಗಳು ಎಳ್ಳಿನ ಕಾಳುಗಳಂತೆ ಕಂಡವು. ಒಳ್ಳೆಯ ಕ್ಯಾಮೆರಾ ಬೇಕೆಂಬ ಆಸೆ ಆ ರಾತ್ರಿಯೇ ತಲೆಯೊಳಗೆ ಸೇರಿಕೊಂಡಿತು.

ಮೊದಲ ತಪ್ಪು

ಕುಮಟೆಯ ಕಡೆಯ ನಮ್ಮ ಹಳೆಯ ಮನೆಯ ಮಾಡಿಗೆ ಹೊಸ ಹೆಂಚು ಹೊದಿಸಲೆಂದು ನಾನು ಹಣ ಕೂಡಿಡುತ್ತಿದ್ದೆ. ತಾಯಿಯೊಬ್ಬರೇ ಅಲ್ಲಿ ವಾಸವಾಗಿದ್ದರು. ಆ ಹಣವನ್ನು ತೆಗೆದು, ಸಾಲದುದಕ್ಕೆ ಕಂತಿನ ಸಾಲ ಮಾಡಿ, ಕ್ಯಾಮೆರಾವನ್ನೂ ಉದ್ದನೆಯದೊಂದು ದೂರ ಮಸೂರವನ್ನೂ ಕೊಂಡೆ. ಮಸೂರವೊಂದರ ಬೆಲೆಯೇ ನನ್ನ ಎರಡು ತಿಂಗಳ ಸಂಬಳವನ್ನು ಮೀರಿತ್ತು. ಅದು ಸುಮಾರು ಎರಡು ಕಿಲೋ ತೂಗುತ್ತಿತ್ತು, ಕ್ಯಾಮೆರಾ ಸೇರಿದರೆ ಮೂರು ಕಿಲೋಗೆ ಸಮೀಪ. ಅದರ ಹೆಸರು ಇಲ್ಲಿ ಅನಾವಶ್ಯಕ, ಏಕೆಂದರೆ ದೋಷ ಮಸೂರದ್ದಾಗಿರಲಿಲ್ಲ, ನನ್ನದಾಗಿತ್ತು. ದೊಡ್ಡ ಮಸೂರವಿದ್ದರೆ ದೊಡ್ಡ ಚಿತ್ರ ತಾನಾಗಿಯೇ ಬರುವುದೆಂದು ನಾನು ನಂಬಿದ್ದೆ.

ಅದನ್ನು ನಿಲ್ಲಿಸಲು ತ್ರಿಪಾದಿ ಬೇಕು. ಆದರೆ ಬೆಳಗಿನ ಲೋಕಲ್ ಗಾಡಿಯಲ್ಲಿ ತ್ರಿಪಾದಿ ಹೊತ್ತು ನಿಲ್ಲುವುದೆಂತು? ಜನಸಂದಣಿಯಲ್ಲಿ ಒಬ್ಬರ ಪಕ್ಕೆಗೆ ಅದು ತಗಲಿ, ನಾನು ಕೇಳಬೇಕಾದ ಮಾತುಗಳನ್ನೆಲ್ಲ ಕೇಳಿದ ಮೇಲೆ, ಅದನ್ನು ಮನೆಯಲ್ಲೇ ಬಿಟ್ಟು ಹೋಗತೊಡಗಿದೆ. ಒಂದು ಭಾನುವಾರ ಶಿವಡಿಯಲ್ಲಿ ಮುನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಕೈಯಲ್ಲೇ ಹಿಡಿದು ತೆಗೆದೆ. ಒಂದೂ ಸ್ಪಷ್ಟವಾಗಿರಲಿಲ್ಲ. ಸೋಮವಾರ ಕಚೇರಿಯಲ್ಲಿ ಲೇಖನಿ ಹಿಡಿದರೆ ಬಲ ಮಣಿಕಟ್ಟು ನೋಯುತ್ತಿತ್ತು.

ಹೋಟೆಲಿನಲ್ಲಿ ಕಲಿತ ಪಾಠ

ನಾನು ನಿತ್ಯ ಉಪಾಹಾರ ಮಾಡುವ ಉಡುಪಿ ಹೋಟೆಲಿನಲ್ಲಿ ಕುಂದಾಪುರದ ಕಡೆಯ ಸ್ನೇಹಿತರೊಬ್ಬರು ಸಪ್ಲೈಯರ್ ಆಗಿದ್ದರು. ಅವರಿಗೆ ವಾರದ ರಜೆ ನನಗೆ ರಜೆ ಇಲ್ಲದ ದಿನವೇ ಬರುತ್ತಿತ್ತು. ಒಮ್ಮೆ ಹಬ್ಬದ ರಜೆ ಇಬ್ಬರಿಗೂ ಕೂಡಿಬಂದಾಗ ಅವರನ್ನೂ ಶಿವಡಿಗೆ ಕರೆದೊಯ್ದೆ. ನಾನು ಕ್ಯಾಮೆರಾ ಹಿಡಿದ ರೀತಿಯನ್ನು ಸ್ವಲ್ಪ ಹೊತ್ತು ನೋಡಿ ಅವರು ನಕ್ಕುಬಿಟ್ಟರು.

“ಎಂತ ಮಾರಾಯ್ರೆ, ಎರಡೂ ಮೊಣಕೈ ಗಾಳಿಯಲ್ಲಿ ಹಾರ್ತಾ ಉಂಟಲ್ಲ! ನಾವು ತಟ್ಟೆ ಹೀಗೆ ಹಿಡಿದರೆ ಸಾಂಬಾರು ಗಿರಾಕಿಯ ಅಂಗಿಯ ಮೇಲೆ.”

ಅವರು ಒಂದೇ ಎಡಗೈಯ ಮೇಲೆ ಮೂರು ನಾಲ್ಕು ತಟ್ಟೆಗಳನ್ನು ಸಾಲಾಗಿ ಇಟ್ಟುಕೊಂಡು, ತುಂಬಿದ ಬಟ್ಟಲಿನಿಂದ ಒಂದು ಹನಿಯೂ ಚೆಲ್ಲದಂತೆ, ಇಕ್ಕಟ್ಟಾದ ಮೇಜುಗಳ ನಡುವೆ ನಡೆಯುವವರು. ಅವರ ಗುಟ್ಟು ಇಷ್ಟೇ: ಮೊಣಕೈ ಪಕ್ಕೆಲುಬಿಗೆ ಅಂಟಿರಬೇಕು, ಅಂಗೈ ಮೇಲ್ಮುಖವಾಗಿ ಭಾರದ ಕೆಳಗಿರಬೇಕು, ಭಾರ ಬೆರಳುಗಳ ಮೇಲಲ್ಲ ಮೈಮೇಲೆ ಬೀಳಬೇಕು. ನಾನು ಮಸೂರವನ್ನು ಮೇಲಿನಿಂದ ಹಿಡಿಯುತ್ತಿದ್ದೆ. ಅವರು ನನ್ನ ಎಡಗೈಯನ್ನು ತೆಗೆದು ಮಸೂರದ ಅಡಿಗೆ, ಅದರ ತೂಕ ಸಮವಾಗುವ ಸ್ಥಳದಲ್ಲಿ ಇಟ್ಟರು. ಎಡಗಾಲನ್ನು ಅರ್ಧ ಹೆಜ್ಜೆ ಮುಂದಿಡಿಸಿದರು. ಕ್ಯಾಮೆರಾದ ಹಿಂಬದಿ ಹುಬ್ಬಿಗೆ ಒತ್ತಿತು. ಈಗ ನನ್ನ ಎರಡು ಮೊಣಕೈಗಳೂ ಹಣೆಯೂ ಸೇರಿ ಮೂರು ಆಧಾರಗಳಾದವು. ಮನೆಯಲ್ಲಿ ಬಿಟ್ಟುಬಂದ ತ್ರಿಪಾದಿ ನನ್ನ ಮೈಯಲ್ಲೇ ಇತ್ತೆಂದು ಅಂದು ತಿಳಿಯಿತು.

ಪುಸ್ತಕಗಳು ಹೇಳುವುದೂ ಇದನ್ನೇ. ಜೊತೆಗೆ ಇನ್ನೂ ಎರಡು ಸೂಚನೆಗಳಿವೆ. ಒಂದು, ಉಸಿರನ್ನು ಅರ್ಧ ಹೊರಬಿಟ್ಟು ನಿಲ್ಲಿಸಿ, ಗುಂಡಿಯನ್ನು ಕುಟ್ಟದೆ ಮೆಲ್ಲನೆ ಒತ್ತಬೇಕು. ಎರಡು, ಸಾಧ್ಯವಾದಾಗಲೆಲ್ಲ ನೆಲದ ಮೇಲೆ ಕುಳಿತು ಮೊಣಕಾಲುಗಳ ಮೇಲೆ ಮೊಣಕೈಗಳನ್ನು ಊರಬೇಕು. ಕುಳಿತರೆ ಹಕ್ಕಿಯ ಕಣ್ಣಿನ ಮಟ್ಟಕ್ಕೆ ನಮ್ಮ ಕಣ್ಣೂ ಇಳಿಯುವುದರಿಂದ ಚಿತ್ರವೂ ಚೆನ್ನಾಗುತ್ತದೆ.

ಶಟರಿನ ಲೆಕ್ಕ

ಗುಮಾಸ್ತರಾದ ನಮಗೆ ಲೆಕ್ಕವೇನೂ ಹೊಸದಲ್ಲ. ಕೈಯಲ್ಲಿ ಹಿಡಿದು ತೆಗೆಯುವವರಿಗೆ ಹಳೆಯದೊಂದು ಸೂತ್ರವಿದೆ: ಮಸೂರದ ನಾಭಿದೂರ ಎಷ್ಟು ಮಿಲಿಮೀಟರೋ, ಶಟರು ಒಂದು ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು. 400 ಮಿ.ಮೀ. ಮಸೂರಕ್ಕೆ 1/400 ಸೆಕೆಂಡು. ಕ್ಯಾಮೆರಾದೊಳಗಿನ ಸೆನ್ಸರು ಹಳೆಯ 35 ಮಿ.ಮೀ. ಫಿಲಮಿಗಿಂತ ಚಿಕ್ಕದಾದರೆ, ಅದನ್ನು ಒಂದೂವರೆಯಿಂದ ಅಥವಾ 1.6ರಿಂದ ಗುಣಿಸಬೇಕು. ಆಗ 1/600 ಅಥವಾ 1/640 ಆಗುತ್ತದೆ. ದೂರದ ವಸ್ತುವನ್ನು ದೊಡ್ಡದಾಗಿ ತೋರಿಸುವ ಮಸೂರ ನಮ್ಮ ಕೈಯ ನಡುಕವನ್ನೂ ಅಷ್ಟೇ ದೊಡ್ಡದಾಗಿ ತೋರಿಸುತ್ತದೆ ಎಂಬುದೇ ಇದರ ಕಾರಣ.

ನಡುಕವನ್ನು ತಡೆಯುವ ಯಂತ್ರ ಮಸೂರದೊಳಗೇ ಇರುವುದುಂಟು. ಬದಲಾಯಿಸಬಲ್ಲ ಮಸೂರಗಳಲ್ಲಿ ಮೊದಲ ಬಾರಿಗೆ 1995ರಲ್ಲಿ ಕ್ಯಾನನ್ ಸಂಸ್ಥೆ ತನ್ನ 75-300 ಮಿ.ಮೀ. ಮಸೂರದಲ್ಲಿ ಇದನ್ನು ಅಳವಡಿಸಿತು. ಕೈ ಅಲುಗಿದ ದಿಕ್ಕನ್ನು ಸೂಕ್ಷ್ಮ ಗ್ರಾಹಕಗಳು ಅರಿತೊಡನೆ ಒಳಗಿನ ಗಾಜುಗಳ ಒಂದು ಗುಂಪು ಸರಿದು ಬಿಂಬವನ್ನು ಇದ್ದಲ್ಲಿಯೇ ನಿಲ್ಲಿಸುತ್ತದೆ. ನಾಲ್ಕು ಮೆಟ್ಟಿಲುಗಳ ಸಹಾಯವೆಂದರೆ, ಪ್ರತಿ ಮೆಟ್ಟಿಲಿಗೂ ಕಾಲ ಇಮ್ಮಡಿಯಾಗಿ, 1/640ರ ಬದಲು 1/40 ಸೆಕೆಂಡಿನಲ್ಲಿಯೂ ಕುಳಿತ ಮಿಂಚುಳ್ಳಿಯ ಚಿತ್ರ ಸ್ಪಷ್ಟವಾಗಿ ಬರಬಹುದು.

ಇಲ್ಲಿಯೇ ನಾನು ಎಡವಿದ್ದೆ. ಈ ಯಂತ್ರ ನನ್ನ ಕೈಯನ್ನು ನಿಲ್ಲಿಸಬಲ್ಲುದೇ ಹೊರತು ಹಕ್ಕಿಯ ರೆಕ್ಕೆಯನ್ನಲ್ಲ. ಹಾರುವ ಹಕ್ಕಿಗೆ 1/2000 ಸೆಕೆಂಡಾದರೂ ಇರಲೆಂದು ಈಗ ನಾನು ಇಟ್ಟುಕೊಳ್ಳುತ್ತೇನೆ. ಅದಕ್ಕೆ ಬೆಳಕು ಸಾಲದಿದ್ದರೆ ಐಎಸ್ಓ ಏರಿಸಬೇಕು. ಏರಿಸಿದರೆ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಣಗಳು ಕಾಣುತ್ತವೆ ಎಂದು ನಾನು ಹೆದರುತ್ತಿದ್ದೆ. ಆದರೆ ಕಣಗಳಿರುವ ಸ್ಪಷ್ಟ ಚಿತ್ರವನ್ನು ಸ್ವಲ್ಪ ತಿದ್ದಬಹುದು, ಅಲುಗಿದ ಚಿತ್ರವನ್ನು ತಿದ್ದುವ ಉಪಾಯವಿಲ್ಲ.

ಚಿಕ್ಕ ಕ್ಯಾಮೆರಾದ ಗೆಲುವು

ಆ ಸ್ನೇಹಿತರಿಗೂ ಆಸೆ ಹುಟ್ಟಿತು. 2017ರ ಫೆಬ್ರವರಿಯಲ್ಲಿ ಅವರು ತಮ್ಮ ಉಳಿತಾಯದಿಂದ ಪ್ಯಾನಾಸೋನಿಕ್ ಲ್ಯೂಮಿಕ್ಸ್ ಎಫ್‌ಝಡ್200 ಎಂಬ, ಇನ್ನೊಬ್ಬರು ಬಳಸಿ ಬಿಟ್ಟ ಕ್ಯಾಮೆರಾ ಕೊಂಡರು. 2012ರಲ್ಲಿ ಬಂದ ಈ ಕ್ಯಾಮೆರಾದ ಮಸೂರವನ್ನು ಬಿಚ್ಚುವಂತಿಲ್ಲ. ಹಳೆಯ ಫಿಲಮಿನ ಲೆಕ್ಕದಲ್ಲಿ 25ರಿಂದ 600 ಮಿ.ಮೀ.ವರೆಗೆ ಅದು ಚಾಚುತ್ತದೆ, ಎಷ್ಟು ಚಾಚಿದರೂ ದ್ಯುತಿರಂಧ್ರ ಎಫ್/2.8ರಲ್ಲಿಯೇ ತೆರೆದಿರುತ್ತದೆ. ತೂಕ ಸುಮಾರು 590 ಗ್ರಾಂ. ಸೆನ್ಸರು ಬೆರಳುಗುರಿನಷ್ಟೇ ಚಿಕ್ಕದಾದುದರಿಂದ ಮಬ್ಬು ಬೆಳಕಿನಲ್ಲಿ ಅದರ ಚಿತ್ರ ಸೊರಗುತ್ತದೆ. ನಾನು ಮನಸ್ಸಿನಲ್ಲಿಯೇ ಅದನ್ನು ಆಟಿಕೆಯೆಂದು ತಳ್ಳಿಹಾಕಿದ್ದೆ.

ಅಂದು ಸಂಜೆ ಉಬ್ಬರ ಏರುತ್ತಿತ್ತು. ನಾನು ಭಾರ ತಾಳಲಾರದೆ ಕ್ಯಾಮೆರಾವನ್ನು ಕೆಳಗಿಳಿಸಿ ತೋಳು ನೀವಿಕೊಳ್ಳುತ್ತಿದ್ದೆ. ಆ ಕ್ಷಣದಲ್ಲಿಯೇ ಹತ್ತು ಹನ್ನೆರಡು ಹಂಸಗಳು ನಮ್ಮ ತಲೆಯ ಮೇಲೆ, ಕತ್ತು ಕಾಲುಗಳನ್ನು ಒಂದೇ ಗೆರೆಯಲ್ಲಿ ಚಾಚಿ, ರೆಕ್ಕೆಯ ಅಡಿಯ ಕೆಂಪನ್ನು ಬಿಚ್ಚಿ ಹಾದುಹೋದವು. ನಾನು ಕ್ಯಾಮೆರಾ ಎತ್ತುವಷ್ಟರಲ್ಲಿ ಅವು ದಾಟಿದ್ದವು. ಸ್ನೇಹಿತರ ಕ್ಯಾಮೆರಾ ಕಣ್ಣಿನಿಂದ ಕೆಳಗಿಳಿದೇ ಇರಲಿಲ್ಲ. ಅವರ ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಹೋಟೆಲಿನ ಯಜಮಾನರು ಗಲ್ಲಾದ ಹಿಂದೆ ತೂಗುಹಾಕಿದರು. ಅದು ಇಂದಿಗೂ ಅಲ್ಲಿದೆ.

ಅದೇ ವರ್ಷದ ಆಷಾಢದಲ್ಲಿ ನಾನು ಊರಿಗೆ ಹೋದೆ. ನಡುಮನೆಯಲ್ಲಿ ಮೂರು ಕಡೆ ಪಾತ್ರೆಗಳನ್ನಿಟ್ಟಿದ್ದರು, ಮಾಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತಾಯಿ ಒಂದು ಮಾತೂ ಆಡಲಿಲ್ಲ. ಹಕ್ಕಿಯ ಚಿತ್ರ ತೋರಿಸು ಎಂದು ಕೇಳಿದರು. ತೋರಿಸಲು ನನ್ನ ಬಳಿ ಒಳ್ಳೆಯ ಚಿತ್ರವೊಂದೂ ಇರಲಿಲ್ಲ. ಕೊನೆಗೆ ಸ್ನೇಹಿತರ ಚಿತ್ರವನ್ನೇ ಫೋನಿನಲ್ಲಿ ತೋರಿಸಿದೆ. “ಮುಂಬಯಿಯಲ್ಲಿ ಇಂಥದ್ದೂ ಉಂಟೇನೋ?” ಎಂದು ಅವರು ಬಹಳ ಹೊತ್ತು ನೋಡಿದರು. ಮುಂಬಯಿಗೆ ಮರಳಿದೊಡನೆ ಆ ದೊಡ್ಡ ಮಸೂರವನ್ನು ಫೋರ್ಟಿನ ಅಂಗಡಿಯೊಂದರಲ್ಲಿ ನಷ್ಟಕ್ಕೇ ಮಾರಿದೆ. ಮುಂದಿನ ಬೇಸಿಗೆಯಲ್ಲಿ ಮಾಡಿಗೆ ಹೆಂಚು ಬಂದಿತು. ನಾಲ್ಕು ವರ್ಷ ನಾನು ಸ್ನೇಹಿತರ ಆ “ಆಟಿಕೆ”ಯನ್ನೇ ಎರವಲು ಪಡೆದು ಕಲಿತೆ.

ಯಾವುದನ್ನು ಕೊಳ್ಳಬೇಕು?

ಈ ಪ್ರಶ್ನೆಯನ್ನು ಕೇಳುವವರಿಗೆ, ಮೊದಲು ತೂಕವನ್ನು ನೋಡಿ ಎಂದು ಹೇಳುತ್ತೇನೆ. 2015ರಲ್ಲಿ ಬಂದ ನಿಕಾನ್ 200-500 ಮಿ.ಮೀ. ಮಸೂರವನ್ನು ಪರಿಚಿತರ ಕೈಯಿಂದ ಇಸಿದುಕೊಂಡು ನೋಡಿದ್ದೇನೆ. ಚಿತ್ರ ಅತಿ ಸೊಗಸು, ಆದರೆ ತೂಕ 2.3 ಕಿಲೋ. ಅದೇ ವರ್ಷ ಅದೇ ಸಂಸ್ಥೆ ತಂದ, ವಿಶೇಷ ಬಗೆಯ ಗಾಜಿನ 300 ಮಿ.ಮೀ. ಎಫ್/4 ಮಸೂರ 755 ಗ್ರಾಂ ಮಾತ್ರ. ದೂರ ಕಡಿಮೆಯಾದರೂ ಇಡೀ ದಿನ ಕೈಯಲ್ಲಿರಬಲ್ಲುದು. ಆದರೆ ಅದರ ಬೆಲೆ ನಮ್ಮ ಕೈಗೆಟುಕುವಂಥದಲ್ಲ. 2020ರಲ್ಲಿ ಬಂದ ಕ್ಯಾನನ್ ಆರ್‌ಎಫ್ 600 ಮಿ.ಮೀ. ಮಸೂರ 930 ಗ್ರಾಂ. ಇಷ್ಟು ಹಗುರಾಗಲು ಅದು ಕೊಟ್ಟ ಬೆಲೆಯೆಂದರೆ ದ್ಯುತಿರಂಧ್ರ ಯಾವಾಗಲೂ ಎಫ್/11 ಆಗಿರುವುದು. ಬಿಸಿಲಿನ ಬಯಲಿಗೆ ಅದು ಒಪ್ಪುತ್ತದೆ, ಬೋರಿವಲಿಯ ಕಾಡಿನ ನೆರಳಿಗೆ ಒಪ್ಪದು.

2022ರಲ್ಲಿ, ಈ ಬಾರಿ ಸಾಲ ಮಾಡದೆ, ನಾನು ಕೊಂಡದ್ದು ಕ್ಯಾನನ್ ಆರ್‌ಎಫ್ 100-400 ಮಿ.ಮೀ. ಅದರ ತೂಕ 635 ಗ್ರಾಂ. ನನ್ನ ಚಿಕ್ಕ ಕ್ಯಾಮೆರಾ ಸೇರಿ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಪೂರ್ತಿ ಚಾಚಿದಾಗ ಎಫ್/8 ಆಗುವುದರಿಂದ, ಎಫ್/5.6 ಮಸೂರಕ್ಕೆ ಹೋಲಿಸಿದರೆ ಅರ್ಧದಷ್ಟು ಬೆಳಕು ಮಾತ್ರ ಒಳಗೆ ಬರುತ್ತದೆ. ಮುಂಜಾನೆಯ ಮಬ್ಬಿನಲ್ಲಿ ಕುಟ್ರು ಹಕ್ಕಿಯನ್ನು ತೆಗೆಯಹೋಗಿ ಹಲವು ಬಾರಿ ಸೋತಿದ್ದೇನೆ. ಆದರೆ ಹತ್ತು ಗಂಟೆ ಹೆಗಲಿಗೇರಿಸಿದರೂ ಮರುದಿನ ಲೇಖನಿ ಹಿಡಿಯಲು ಕೈ ನೋಯುವುದಿಲ್ಲ. ಹೊಸತನ್ನು ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ಕ್ಯಾಮೆರಾವನ್ನು ಐದು ನಿಮಿಷ ಕಣ್ಣಿಗೆ ಹಿಡಿದು ನಿಲ್ಲಿರಿ. ಮೂರನೆಯ ನಿಮಿಷಕ್ಕೆ ತೋಳು ನಡುಗಿದರೆ, ಎಷ್ಟೇ ಹೊಗಳಿಕೆ ಕೇಳಿದ್ದರೂ ಅದು ನಿಮ್ಮದಲ್ಲ.

ದೋಣಿ, ಬಿಸಿಲು, ಬೂಷ್ಟು

ತ್ರಿಪಾದಿ ನಿಷ್ಪ್ರಯೋಜಕವಾಗುವ ಸ್ಥಳವೆಂದರೆ ದೋಣಿ. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ನಮ್ಮ ರಂಗನತಿಟ್ಟಿನಲ್ಲಿ ಇದು ನನಗೆ ಮನದಟ್ಟಾಯಿತು. ಅಂಬಿಗ ಹುಟ್ಟು ಹಾಕಿದಂತೆಲ್ಲ ದೋಣಿ ಓಲಾಡುತ್ತದೆ, ಬಂಡೆಯ ಮೇಲೆ ಬಣ್ಣದ ಕೊಕ್ಕರೆ ಕಾಯುವುದಿಲ್ಲ. ಅಲ್ಲಿ ಕುಳಿತೇ ತೆಗೆಯಬೇಕು, ನಡು ಸಡಿಲವಾಗಿದ್ದು ಓಲಾಟವನ್ನು ನುಂಗಬೇಕು. ಯಂತ್ರದ ದೋಣಿಯಾದರೆ ಮಸೂರವನ್ನು ದೋಣಿಯ ಅಂಚಿಗೆ ಊರಲೇಬಾರದು, ಯಂತ್ರದ ಕಂಪನವೆಲ್ಲ ಚಿತ್ರಕ್ಕೆ ಇಳಿಯುತ್ತದೆ.

ಬೆಳಕಿನ ದಿಕ್ಕನ್ನೂ ಲೆಕ್ಕಿಸಬೇಕು. ಶಿವಡಿಯ ದಡ ಪೂರ್ವಾಭಿಮುಖವಾದುದರಿಂದ ಬೆಳಗಿನಲ್ಲಿ ಸೂರ್ಯ ನಮ್ಮ ಕಣ್ಣಿಗೇ ಹೊಡೆದು ಹಕ್ಕಿಗಳು ಕಪ್ಪಾಗಿ ಕಾಣುತ್ತವೆ. ಮಧ್ಯಾಹ್ನದ ಮೇಲೆ ಉಬ್ಬರ ಬರುವ ದಿನವನ್ನು ಪಂಚಾಂಗದಂತೆ ನೋಡಿಕೊಂಡು ಹೊರಡುವುದು ಲೇಸು. ಬಿಸಿಲೇರಿದ ಮೇಲೆ ಕೆಸರಿನಿಂದ ಎದ್ದ ಬಿಸಿಗಾಳಿ ದೂರದ ಹಕ್ಕಿಯನ್ನು ನೀರಿನಲ್ಲಿ ಕಲಸಿದಂತೆ ಮಾಡುತ್ತದೆ. ಅದಕ್ಕೆ ಯಾವ ಬೆಲೆಯ ಮಸೂರವೂ ಮದ್ದಲ್ಲ.

ಇನ್ನು ಮುಂಬಯಿಯ ಮಳೆಗಾಲ. ತೇವದಿಂದ ಮಸೂರದ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಬೆಳೆಯುತ್ತದೆ. ಬಟ್ಟೆಗಳ ನಡುವೆ, ಚರ್ಮದ ಚೀಲದಲ್ಲಿ ಇಡಬೇಡಿರಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಟ್ಟರೆ ಅಲ್ಪ ವೆಚ್ಚದಲ್ಲಿ ಕೆಲಸ ಆಗುತ್ತದೆ. ಅಡುಗೆಯ ಭಟ್ಟರು ಹಪ್ಪಳದ ಡಬ್ಬವನ್ನು ಕಾಯುವಷ್ಟೇ ಎಚ್ಚರ ಸಾಕು.

ಹಿಂದಿನವರು ಮತ್ತು ನಾವು

ನಮ್ಮ ಕಷ್ಟಗಳನ್ನು ಹಿಂದಿನವರ ಕಷ್ಟಗಳೊಡನೆ ಹೋಲಿಸಿದರೆ ನಾಚಿಕೆಯಾಗುತ್ತದೆ. 2017ರಲ್ಲಿ ನಿಧನರಾದ ಬೆಂಗಳೂರಿನ ಟಿ. ಎನ್. ಎ. ಪೆರುಮಾಳರು, ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳನ್ನು ಕುರಿತು ಬರೆದೂ ಅವುಗಳ ಚಿತ್ರ ತೆಗೆದೂ ಕನ್ನಡಿಗರ ಕಣ್ಣು ತೆರೆಸಿದ ಪೂರ್ಣಚಂದ್ರ ತೇಜಸ್ವಿ (1938-2007), ಇವರೆಲ್ಲ ಫಿಲಮಿನ ಕಾಲದಲ್ಲಿ ದುಡಿದವರು. ಒಂದು ಸುರುಳಿಗೆ ಮೂವತ್ತಾರೇ ಚಿತ್ರಗಳು. ಸುರುಳಿ ತೊಳೆದು ಬರುವವರೆಗೆ ಫಲವೇನೆಂದು ತಿಳಿಯುವಂತಿರಲಿಲ್ಲ. ಅವರ ಬಂಡವಾಳ ತಾಳ್ಮೆಯಾಗಿತ್ತು. ಗೂಡಿನ ಬಳಿ ಸುಳಿಯಬಾರದು, ಹಾರುವ ಚಿತ್ರಕ್ಕಾಗಿ ಕಲ್ಲೆಸೆದು ಹಕ್ಕಿಯನ್ನು ಎಬ್ಬಿಸಬಾರದು ಎಂಬ ನಿಯಮವನ್ನಂತೂ ಪ್ರತಿಯೊಬ್ಬ ಹವ್ಯಾಸಿಯೂ ಪಾಲಿಸತಕ್ಕದ್ದು.

ಇಂದಿನ ಸ್ಥಿತಿ

ಶಿವಡಿ ಈಗ ಮೊದಲಿನಂತಿಲ್ಲ. 2018ರಲ್ಲಿ ಅಲ್ಲಿಂದಲೇ ಸಮುದ್ರ ಸೇತುವೆಯ ಕೆಲಸ ಆರಂಭವಾಯಿತು. ಸುಮಾರು 22 ಕಿಲೋಮೀಟರ್ ಉದ್ದದ ಆ ಅಟಲ್ ಸೇತು 2024ರ ಜನವರಿ 12ರಂದು ಉದ್ಘಾಟನೆಯಾಯಿತು. ನಾನು ಮೊದಲು ನಿಂತು ನೋಡಿದ ಸ್ಥಳದಲ್ಲಿ ಈಗ ಕಂಬಗಳ ಸಾಲು ಕಾಣುತ್ತದೆ. ಥಾಣೆ ಖಾರಿಯ ಒಂದು ಭಾಗ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಗಿ ಘೋಷಿತವಾಗಿ, 2022ರಲ್ಲಿ ಅಂತಾರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೂ ಸೇರಿದೆ. ಐರೋಲಿಯಿಂದ ಅರಣ್ಯ ಇಲಾಖೆಯ ದೋಣಿಗಳು ಉಬ್ಬರದ ವೇಳೆಯನ್ನನುಸರಿಸಿ ಹೊರಡುತ್ತವೆ. ನಾವು ಈಗ ಹೋಗುವುದು ಅಲ್ಲಿಗೆ.

ಕಳೆದ ಚಳಿಗಾಲದಲ್ಲಿ ಆ ದೋಣಿಯಲ್ಲಿ ನನ್ನ ಪಕ್ಕದಲ್ಲಿ ಕುಂದಾಪುರದ ಸ್ನೇಹಿತರಿದ್ದರು. ಅವರ ಹಳೆಯ ಕ್ಯಾಮೆರಾದ ರಬ್ಬರು ಸವೆದಿದೆ, ಒಂದು ಗುಂಡಿಗೆ ಅಂಟುಪಟ್ಟಿ ಹಚ್ಚಿದ್ದಾರೆ. ಹೊಸತು ಕೊಳ್ಳಬಾರದೇ ಎಂದು ಕೇಳಿದೆ. “ಮಗಳು ಈ ವರ್ಷ ಕಾಲೇಜು ಸೇರ್ತಾಳೆ ಮಾರಾಯ್ರೆ. ಇದೇ ಸಾಕು, ಕೈಗೆ ಪಳಗಿದೆ” ಎಂದರು. ಹಂಸಗಳು ಎದ್ದಾಗ ಇಬ್ಬರೂ ಒಟ್ಟಿಗೇ ಗುಂಡಿ ಒತ್ತಿದೆವು. ಈ ಬಾರಿ ನನ್ನ ಚಿತ್ರವೂ ಸ್ಪಷ್ಟವಾಗಿ ಬಂದಿತು. ಅದರ ಒಂದು ಪ್ರತಿಯನ್ನು ಊರಿಗೆ ಕಳುಹಿಸಿದ್ದೇನೆ. ತಾಯಿ ಅದನ್ನು ನಡುಮನೆಯ ಗೋಡೆಯ ಮೇಲೆ, ನೀರು ತೊಟ್ಟಿಕ್ಕುತ್ತಿದ್ದ ಆ ಮೂಲೆಯಲ್ಲೇ ಹಾಕಿಸಿದ್ದಾರಂತೆ.

ಹವ್ಯಾಸವೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಈ ನಗರ ನಮ್ಮ ದುಡಿಮೆಯ ಸ್ಥಳ ಮಾತ್ರವಲ್ಲ, ನೋಡಲು ಬಿಡುವು ಮಾಡಿಕೊಂಡವನಿಗೆ ಇದರಲ್ಲಿ ನೋಡತಕ್ಕದ್ದೂ ಉಂಟು. ಮುಂದಿನ ರಜೆಯ ದಿನ ಕೈಯಲ್ಲಿ ಇದ್ದ ಕ್ಯಾಮೆರಾವನ್ನೇ ಹಿಡಿದು, ಅದೂ ಇಲ್ಲದಿದ್ದರೆ ಬರಿಗಣ್ಣಿನಿಂದಲಾದರೂ, ಒಮ್ಮೆ ಖಾರಿಯ ಕಡೆಗೆ ಹೋಗಿ ಬನ್ನಿರಿ. ಮೊಣಕೈಗಳು ಮಾತ್ರ ಪಕ್ಕೆಗೆ ಅಂಟಿರಲಿ.